ಹತ್ತು ಗಂಟೆಯವರೆಗೆ

ಮಂಜುಗಡ್ಡೆಗೆ ಸುಮತಿ ಮೂರನೆಯ ಪೆಟ್ಟು ಹಾಕುವಾಗ ಕಮಲಿ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಓಡಿ ಬಂದಿದ್ದರಿಂದ ಅವಳು ಏದುಸಿರು ಬಿಡುತ್ತಿದ್ದಳು.

"ಗಂಗಕ್ಕ ಹೋದ್ಳು," ಎಂದಳು. "ಬೆಳಗಿನ ಜಾವ್ದಲ್ಲಿ. ಅವ್ರ ಮನೆಯಿಂದ್ಲೇ ಬಂದೆ."

ಎತ್ತಿದ ಕೊಡತಿಯನ್ನು ಏನು ಮಾಡಬೇಕೋ ಸುಮತಿಗೆ ತಿಳಿಯಲಿಲ್ಲ. ನಾಲ್ಕನೆಯ ಪೆಟ್ಟನ್ನೂ ಹಾಕಿದಳು. ಗಡ್ಡೆ ಒಡೆದು ಚೂರುಗಳು ಸಿಮೆಂಟಿನ ನೆಲದ ಮೇಲೆ ಜಾರಿ ಹೋದವು.

ಶರಾವತಿ ಸಮುದ್ರಕ್ಕೆ ಸೇರುವ ಅಳಿವೆಯ ದಂಡೆಯಲ್ಲಿ, ಹೊನ್ನಾವರದ ಎದುರು ದಡದಲ್ಲಿತ್ತು ಆ ಶೆಡ್ಡು. ದೋಣಿಯಿಂದ ಇಳಿದ ಸಿಗಡಿಯನ್ನು, ಅಲ್ಲಿಯವರ ಬಾಯಲ್ಲಿ ಶೆಟ್ಲಿಯನ್ನು, ತಲೆ ಮುರಿದು, ಸಿಪ್ಪೆ ಸುಲಿದು, ಐಸು ಹಾಕಿ ಲಾರಿಗೆ ತುಂಬುವುದು ಅಲ್ಲಿಯ ಕೆಲಸ. ನಲವತ್ತು ಹೆಂಗಸರು ಎರಡು ಸಾಲಿನಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಅವರ ಮೇಲೆ ಒಬ್ಬಳು ಮೇಸ್ತ್ರಿ. ಏಳು ವರ್ಷ ಗಂಗಕ್ಕ ಮೇಸ್ತ್ರಿಯಾಗಿದ್ದಳು. ಈ ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದ ಮೇಲೆ ಕಂಪನಿ ಆ ಕೆಲಸವನ್ನು ಸುಮತಿಗೆ ಕೊಟ್ಟಿತ್ತು. ಯಾಕೆ ತನಗೇ ಕೊಟ್ಟರೆಂದು ಸುಮತಿ ಕೇಳಿರಲಿಲ್ಲ. ಇಡೀ ಶೆಡ್ಡಿನಲ್ಲಿ ಗಂಗಕ್ಕನೊಡನೆ ಮಾತು ಬಿಟ್ಟಿದ್ದವಳು ಅವಳೊಬ್ಬಳೇ.

ಸುದ್ದಿ ಕೇಳಿದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಮಂಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲಕ್ಕಿ ಕೈ ತೊಳೆಯಲು ನೀರಿನ ತೊಟ್ಟಿಯತ್ತ ನಡೆದೇ ಬಿಟ್ಟಳು.

ಗದ್ದಲಕ್ಕೆ ಮ್ಯಾನೇಜರ್ ಶಾನಭಾಗರು ತಮ್ಮ ಖೋಲಿಯಿಂದ ಹೊರಗೆ ಬಂದರು. ಕುಮಟೆಯವರು, ದನಿ ಎತ್ತಿ ಮಾತಾಡುವ ಮನುಷ್ಯ ಅಲ್ಲ. ವಿಷಯ ತಿಳಿದು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೂಲೆಯ ಕಡೆ ನೋಡಿದರು. ವೆಂಕಟನ ದೋಣಿಯಿಂದ ಆಗಷ್ಟೇ ಇಳಿದ ಹದಿನೆಂಟು ಬುಟ್ಟಿ ಸಿಗಡಿ ಅಲ್ಲಿತ್ತು.

"ಲಾರಿ ಹನ್ನೊಂದಕ್ಕೆ ಹೊರಡ್ತದೆ," ಎಂದರು. "ಭಟ್ಕಳದಿಂದ ಸಾಹುಕಾರ್ರು ಎರಡು ಸಲ ಫೋನ್ ಮಾಡಿ ಆತು. ಅರ್ಧ ಜನ ಹೋಗ್ಲಿ, ಅರ್ಧ ಜನ ಇರ್ಲಿ. ಯಾರು ಹೋಗೂದು, ಯಾರು ಇರೂದು, ನೀನೇ ಬರೆದು ಕೊಡು ಸುಮತಿ."

ಹಾಜರಿ ಪುಸ್ತಕವನ್ನು ಅವಳ ಕೈಯಲ್ಲಿಟ್ಟು ಒಳಗೆ ಹೋದರು.

ಸುಮತಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಪೆನ್ಸಿಲ್ ಹಿಡಿದು ಮೊದಲ ಹೆಸರಿನಿಂದ ನೋಡುತ್ತ ಬಂದಳು. ಮಂಜಿ ಗಂಗಕ್ಕನ ಪಕ್ಕದ ಮನೆಯವಳು. ಕಮಲಿ ಗಂಗಕ್ಕನ ನೆಂಟರವಳು. ಲಕ್ಕಿಯ ಹೆರಿಗೆಗೆ ಗಂಗಕ್ಕನೇ ಹೋಗಿ ನಿಂತಿದ್ದಳು. ಸುಬ್ಬಿಗೆ ಈ ಕೆಲಸ ಕೊಡಿಸಿದವಳೂ ಅವಳೇ. ಹೀಗೆ ಇಪ್ಪತ್ತು ಹೆಸರು ದಾಟಿದರೂ ಉಳಿಯಬಹುದಾದವಳು ಒಬ್ಬಳೂ ಸಿಗಲಿಲ್ಲ. ಸಿಕ್ಕಿದರೂ ಬರೆಯುವುದು ಹೇಗೆ? ಒಂದು ಹೆಸರಿನ ಮುಂದೆ 'ಇರಲಿ' ಎಂದು ಬರೆದರೆ ಆ ಹೆಂಗಸು ತಾನು ಸಾಯುವ ತನಕ ಅದನ್ನು ಮರೆಯುವುದಿಲ್ಲ. ಅದು ಸುಮತಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

* * *

ಏಳು ವರ್ಷದ ಹಿಂದೆ, ಎಪ್ಪತ್ತೆಂಟರಲ್ಲಿ, ಗಂಗಕ್ಕ ಮೇಸ್ತ್ರಿಯಾಗಿ ತಿಂಗಳೂ ಆಗಿರಲಿಲ್ಲ. ಅಲ್ಲಿಯವರೆಗೆ ಅವಳು ಸುಮತಿಯ ಪಕ್ಕದ ಮಣೆಯವಳು. ಇಬ್ಬರೂ ಒಂದೇ ಡಬ್ಬಿಯ ಗಂಜಿ ಉಂಡವರು. ಸಿಗಡಿ ತಲೆಯ ಮುಳ್ಳು ಚುಚ್ಚಿ ಬೆರಳು ಬಾತರೆ ಒಬ್ಬರ ಕೈಗೆ ಒಬ್ಬರು ತೆಂಗಿನೆಣ್ಣೆ ಹಚ್ಚಿಕೊಂಡವರು.

ಆ ದಿನ ಮಧ್ಯಾಹ್ನ ಸುಮತಿಯ ಅಣ್ಣ ನಾರಾಯಣ ತವರೂರು ಮಂಕಿಯಿಂದ ಸೈಕಲ್ ತುಳಿದುಕೊಂಡು ಬಂದ. ಶೆಡ್ಡಿನ ಹೊರಗೆ ನಿಂತು, "ಆಯಿಗೆ ಹೆಚ್ಚಾಗಿದೆ. ನಿನ್ನ ಹೆಸ್ರೇ ಹೇಳ್ತಾಳೆ. ಬಾ," ಎಂದ.

ತಾಯಿಯ ಸುದ್ದಿ ಕೇಳಿ ಸುಮತಿ ಒದ್ದೆ ಕೈಯಲ್ಲೇ ಗಂಗಕ್ಕನ ಮುಂದೆ ಹೋಗಿ ನಿಂತಳು.

ಅಂದು ಹತ್ತು ಜನ ಜ್ವರವೆಂದು ಬಂದಿರಲಿಲ್ಲ. ಹಿಂದಿನ ವಾರವಷ್ಟೇ ಲಾರಿ ತಡವಾಗಿ ಮಾಲು ಕೆಟ್ಟಿತ್ತು. ಇನ್ನೊಂದು ಸಲ ಹೀಗಾದರೆ ಈ ಊರಿನ ಹೆಂಗಸರನ್ನೆಲ್ಲ ಬಿಡಿಸಿ ಹೊರಗಿನಿಂದ ಆಳು ತರಿಸುತ್ತೇನೆಂದು ಸಾಹುಕಾರರು ಹೇಳಿ ಹೋಗಿದ್ದರು. ಗಂಗಕ್ಕ ಸುಮತಿಯ ಮುಖ ನೋಡಲಿಲ್ಲ. ಅವಳ ಹಿಂದಿದ್ದ ಬುಟ್ಟಿಗಳನ್ನು ನೋಡಿದಳು.

"ಆರು ಗಂಟೆಗೆ ಲಾರಿ ಹೋಗ್ಲಿ. ಆರೂವರೆ ಬಸ್ಸಿಗೆ ನೀ ಹೋಗು," ಎಂದಳು. "ಮಂಕಿ ಎಂತ ದೂರ? ಮುದ್ಕಿಯರ ಜೀವ ಅಷ್ಟು ಬೇಗ ಹೋಗೂದಿಲ್ಲ ಮಾರಾಯ್ತಿ."

ಎದ್ದು ಹೋಗಬಹುದಿತ್ತು. ಆದರೆ ಹೇಳದೆ ಹೋದ ಒಬ್ಬಳ ಮಣೆಯನ್ನು ಆ ವಾರವೇ ಬೇರೆಯವಳಿಗೆ ಕೊಟ್ಟಿದ್ದರು. ಸುಮತಿಯ ಗಂಡನಿಗೆ ಆ ವರ್ಷ ದೋಣಿಯಲ್ಲಿ ಕೆಲಸವಿರಲಿಲ್ಲ. ಅವಳು ತಿರುಗಿ ಬಂದು ಕೂತಳು. ನಾರಾಯಣ ಒಬ್ಬನೇ ಸೈಕಲ್ ಹತ್ತಿ ಹೋದ.

ಆರೂವರೆಯ ಬಸ್ಸಿನಲ್ಲಿ ಅವಳು ಮಂಕಿಗೆ ಹೋದಾಗ ಅಂಗಳ ತೊಳೆದಿತ್ತು. ಆಯಿಯ ಚಾಪೆಯನ್ನು ಸುತ್ತಿ ಬೇಲಿಗೆ ಒರಗಿಸಿಟ್ಟಿದ್ದರು. ಹೊತ್ತು ಮುಳುಗುವ ಮೊದಲೇ ತೆಗೆದುಕೊಂಡು ಹೋದರೆಂದು ಅತ್ತಿಗೆ ಹೇಳಿದಳು.

ಹನ್ನೆರಡು ದಿನ ಕಳೆದು ಕೆಲಸಕ್ಕೆ ಬಂದ ಸುಮತಿ ತನ್ನ ಮಣೆಯನ್ನು ಎತ್ತಿಕೊಂಡು ಇನ್ನೊಂದು ಸಾಲಿನ ಕೊನೆಗೆ ಹೋಗಿ ಕೂತಳು. ಅಂದಿನಿಂದ ಗಂಗಕ್ಕ ಹೇಳಿದ ಕೆಲಸವನ್ನೆಲ್ಲ ಮಾಡಿದಳು. ಒಂದು ಮಾತನ್ನೂ ಆಡಲಿಲ್ಲ.

* * *

ಸುಮತಿ ಹಾಜರಿ ಪುಸ್ತಕ ಮುಚ್ಚಿದಳು.

"ಎಲ್ಲರೂ ಕೂತ್ಕಳ್ಳಿ," ಎಂದಳು.

"ಎಂತ ಹೇಳ್ತೆ ನೀನು?" ಲಕ್ಕಿಯ ದನಿ ಏರಿತು. "ಗಂಗಕ್ಕನ ಮೇಲಿನ ಸಿಟ್ಟನ್ನ ನಮ್ಮ ಮೇಲೆ ತೀರಿಸ್ತಿಯಾ?"

ಆ ಮಾತನ್ನು ಏಳು ವರ್ಷದಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

"ಅರ್ಧ ಜನ ಇರೂದೂ ಬೇಡ, ಅರ್ಧ ಜನ ಹೋಗೂದೂ ಬೇಡ," ಎಂದಳು ಸುಮತಿ. "ಇದ್ರೆ ಎಲ್ಲ, ಹೋದ್ರೆ ಎಲ್ಲ. ಈಗ ಏಳು ಗಂಟೆ. ಮಾತಾಡ್ದೆ ಸುಲಿದ್ರೆ ಹತ್ತಕ್ಕೆ ಮುಗೀತದೆ. ಕಮಲೀ, ನೀ ವಾಪಸ್ ಹೋಗಿ ಗಣಪನಿಗೆ ಹೇಳು, ಹತ್ತರ ತನಕ ಎತ್ತೂದು ಬೇಡ ಅಂತ."

ಕಮಲಿ ಹೋದಳು. ಸುಮತಿ ತಾನೂ ಒಂದು ಮಣೆ ಎಳೆದುಕೊಂಡು ಕೂತು ಸಿಗಡಿಗೆ ಕೈ ಹಾಕಿದಳು. ಅದನ್ನು ನೋಡಿ ಮಂಜಿ ಕೂತಳು. ಆಮೇಲೆ ಉಳಿದವರು. ಲಕ್ಕಿ ಎಲ್ಲರಿಗಿಂತ ಕೊನೆಗೆ ಕೂತಳು.

ಅರ್ಧ ಗಂಟೆಯಲ್ಲಿ ಕಮಲಿ ತಿರುಗಿ ಬಂದು ಮಣೆಗೆ ಕೂತಳು, ಅವಳ ಹಿಂದೆಯೇ ಗಣಪನೂ ಬಂದ. ಗಂಗಕ್ಕನ ಒಬ್ಬನೇ ಮಗ. ಭಟ್ಕಳದ ಬಂದರಿನಲ್ಲಿ ದೋಣಿಗೆ ಹೋಗುವವನು. ತಾಯಿಗೆ ಹೆಚ್ಚಾಗಿದೆಯೆಂದು ಹಿಂದಿನ ಸಂಜೆ ಬಂದಿದ್ದ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು.

"ನಿಮ್ಮ ಶೆಟ್ಲಿಗೆ ನನ್ನ ಆಯಿಯ ಹೆಣ ಕಾಯ್ಬೇಕಾ ಸುಮತಕ್ಕ?" ಎಂದು ಬಾಗಿಲಿನಿಂದಲೇ ಕೇಳಿದ.

ಸುಮತಿ ಎದ್ದು ಅವನ ಹತ್ತಿರ ಹೋದಳು. "ಶೆಟ್ಲಿಗಲ್ಲ ಗಣಪಾ, ಇವ್ರಿಗೆ. ಈ ನಲ್ವತ್ತು ಜನರಲ್ಲಿ ಯಾರ್ನ ಬಿಟ್ಟು ಎತ್ತೂಕೆ ಆಗ್ತದೆ ಹೇಳು. ಅವ್ರ ಹೆಸ್ರು ನೀನೇ ಬರಿ. ನನ್ನ ಕೈಯಲ್ಲಿ ಆಗೂದಿಲ್ಲ."

ಅವಳು ಪುಸ್ತಕ, ಪೆನ್ಸಿಲ್ ಚಾಚಿದಳು. ಗಣಪ ಅವನ್ನು ಮುಟ್ಟಲಿಲ್ಲ. ಎರಡೂ ಸಾಲುಗಳನ್ನು ಒಮ್ಮೆ ನೋಡಿದ. ಯಾರೂ ತಲೆಯೆತ್ತಿರಲಿಲ್ಲ. ನಲವತ್ತು ಜೊತೆ ಕೈಗಳು ಓಡುತ್ತಿದ್ದವು. ಕೆಲವರು ಸುಲಿಯುತ್ತಲೇ ಅಳುತ್ತಿದ್ದರು. ಕೈ ಬಿಡುವಿಲ್ಲದ್ದರಿಂದ ತೋಳಿಗೆ ಮುಖ ಒರೆಸಿಕೊಳ್ಳುತ್ತಿದ್ದರು.

"ಹತ್ತು ಅಂದ್ರೆ ಹತ್ತೇ," ಎಂದ ಗಣಪ. "ಅಪ್ಪ ನಿನ್ನೆಯಿಂದ ನೀರು ಕುಡೀಲಿಲ್ಲ."

"ಹತ್ತೇ."

ಅವನು ಹೋದ ಮೇಲೆ ಶಾನಭಾಗರು ಹೊರಗೆ ಬಂದರು. ಅವರಿಗೆ ಎಲ್ಲ ಕೇಳಿಸಿತ್ತು. "ಹತ್ತರೊಳಗೆ ಹದಿನೆಂಟು ಬುಟ್ಟಿ ಆಗ್ತದಾ?" ಎಂದರು.

"ಐಸು ಒಡೆದು ಕೊಡೂಕೆ ಒಬ್ರು ಬೇಕು," ಎಂದಳು ಸುಮತಿ, ತಲೆಯೆತ್ತದೆ.

ಶಾನಭಾಗರು ಅಂಗಿಯ ತೋಳು ಮಡಚಿ ಕೊಡತಿ ಎತ್ತಿಕೊಂಡರು. ಐದು ಪೆಟ್ಟಿನಲ್ಲಿ ಎರಡು, ಗಡ್ಡೆ ತಪ್ಪಿ ನೆಲಕ್ಕೆ ಬಿದ್ದವು. ಬೇರೆ ದಿನವಾಗಿದ್ದರೆ ಹೆಂಗಸರು ನಗುತ್ತಿದ್ದರು.

* * *

ಮಾತು ಬಿಟ್ಟ ಆ ವರ್ಷಗಳಲ್ಲಿ ಸುಮತಿ ಗಂಗಕ್ಕನನ್ನು ನೋಡುವುದನ್ನು ಬಿಟ್ಟಿರಲಿಲ್ಲ. ಸಿಟ್ಟಿರುವವರ ಕಣ್ಣು ಹೆಚ್ಚು ಚುರುಕು.

ಆಯಿ ಹೋದ ಮರುವರ್ಷ ಲಕ್ಕಿಯ ಮಾವ ತೀರಿಹೋದ. ಸುದ್ದಿ ಬಂದಾಗ ಸುಗ್ಗಿಯಂಥ ಸಿಗಡಿ, ಕಾಲಿಡಲು ಜಾಗವಿಲ್ಲ. ಲಕ್ಕಿ ಹೆದರುತ್ತ ಎದ್ದು ನಿಂತಳಷ್ಟೆ. ಅವಳು ಬಾಯಿ ತೆರೆಯುವ ಮೊದಲೇ ಗಂಗಕ್ಕ, "ಹೋಗು," ಎಂದಳು. ಲಕ್ಕಿ ಏನೋ ಹೇಳಲು ಹೋದಳು. "ಕೇಳೂಕೆ ನಿಲ್ಬೇಡ, ಹೋಗು ಅಂದೆ," ಎಂದು ಗದರಿಸಿ, ಲಕ್ಕಿಯ ಮಣೆಯ ಮೇಲೆ ತಾನೇ ಕೂತು ಅವಳ ಪಾಲಿನ ಸಿಗಡಿಯನ್ನೆಲ್ಲ ಸುಲಿದಳು. ಮೇಸ್ತ್ರಿ ನೆಲಕ್ಕೆ ಕೂತರೆ ಮೇಸ್ತ್ರಿಕೆ ಎಲ್ಲಿ ಉಳಿಯುತ್ತದೆಂದು ಆಗಿನ ಮ್ಯಾನೇಜರು ಬೈದರು. ಗಂಗಕ್ಕ ಏಳಲಿಲ್ಲ. ಅಂದಿನಿಂದ ಯಾರ ಮನೆಯಲ್ಲಿ ಸಾವಾಗಲಿ, ಹೆರಿಗೆಯಾಗಲಿ, ಕೂಸಿಗೆ ಜ್ವರವಾಗಲಿ, ಅವಳ ಮುಂದೆ ನಿಂತು ರಜೆ ಬೇಡುವ ಪ್ರಸಂಗ ಬರಲಿಲ್ಲ. ಎದ್ದು ನಿಂತರೆ ಸಾಕಿತ್ತು.

ಅದು ಯಾಕೆಂದು ಸುಮತಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಮನಸ್ಸು ಇನ್ನಷ್ಟು ಬಿಗಿಯಾಯಿತು. ಊರವರಿಗೆಲ್ಲ ಸಿಕ್ಕಿದ್ದು ತನಗೊಬ್ಬಳಿಗೆ ಸಿಗಲಿಲ್ಲ.

ಗಂಗಕ್ಕ ತಪ್ಪಾಯಿತೆಂದು ಎಂದೂ ಹೇಳಲಿಲ್ಲ. ಹಾಗೆ ಹೇಳುವ ಜಾತಿಯ ಹೆಂಗಸಲ್ಲ ಅವಳು. ಒಂದು ಸಂಜೆ ಮಾತ್ರ ಎರಡು ಗ್ಲಾಸು ಚಹಾ ತಂದು, ಒಂದನ್ನು ಸುಮತಿಯ ಮಣೆಯ ಪಕ್ಕ ಇಟ್ಟು, ಇನ್ನೊಂದನ್ನು ಹಿಡಿದು ಅಲ್ಲೇ ನಿಂತಳು. ಸುಮತಿ ಸುಲಿಯುತ್ತಲೇ ಇದ್ದಳು. ಗಂಗಕ್ಕ ತನ್ನ ಚಹಾ ಕುಡಿದು ಮುಗಿಸಿದಳು. ಕೆನೆ ಕಟ್ಟಿದ ಇನ್ನೊಂದು ಗ್ಲಾಸನ್ನು ಎತ್ತಿ ಚರಂಡಿಗೆ ಚೆಲ್ಲಿ ಹೋದಳು.

* * *

ಹತ್ತಕ್ಕೆ ಐದು ನಿಮಿಷವಿರುವಾಗ ಕೊನೆಯ ಬುಟ್ಟಿ ಮುಗಿಯಿತು. ನಲವತ್ತು ಹೆಂಗಸರು ಮರಳಿನಲ್ಲಿ ಹೆಚ್ಚು ಕಡಿಮೆ ಓಡುತ್ತಲೇ ಗಂಗಕ್ಕನ ಮನೆಗೆ ಹೋದರು. ಸೀರೆಯ ಅಂಚು ಒದ್ದೆ, ಮೈಯೆಲ್ಲ ಸಿಗಡಿಯ ವಾಸನೆ.

ಅಂಗಳದಲ್ಲಿ ಚಟ್ಟ ಕಟ್ಟಿ ಆಗಿತ್ತು. ಹತ್ತಿರದಲ್ಲಿ ಕೂತಿದ್ದ ನಾಗಮ್ಮ, ಗಂಗಕ್ಕನ ಗಂಡನ ಅಕ್ಕ, ಇವರನ್ನು ಕಂಡು ಮೂಗಿಗೆ ಸೆರಗು ಹಿಡಿದಳು.

"ಮಿಂದ್ಕಂಡಾದ್ರೂ ಬರೂಕಾಗ್ಲಿಲ್ವಾ? ಹೆಣಕ್ಕೆ ನೀರು ಬಿಡೂ ಕೈ ಇದಾ?"

ಹೆಂಗಸರು ಬೇಲಿಯ ಹತ್ತಿರವೇ ನಿಂತರು. ಜಗಲಿಯ ಕಂಬಕ್ಕೊರಗಿ ಕೂತಿದ್ದ ಈರ ತಲೆಯೆತ್ತಿದ. ಅವನು ಗಂಗಕ್ಕನ ಗಂಡ. ಕಣ್ಣಿಗೆ ಪೊರೆ ಬಂದು ದೋಣಿ ಬಿಟ್ಟು ಆರು ವರ್ಷವಾಗಿತ್ತು. ಕಾಣದಿದ್ದರೂ ಬಂದವರು ಯಾರೆಂದು ಅವನಿಗೆ ವಾಸನೆಯಲ್ಲೇ ತಿಳಿಯಿತು.

"ಬರ್ಲಿ ಅಕ್ಕ, ಬರ್ಲಿ," ಎಂದ. "ನಮ್ಮ ಮನೆ ಅನ್ನವೇ ಹದಿಮೂರು ವರ್ಷ ಹಿಂಗೆ ನಾರಿದ್ದು." ಆಮೇಲೆ, "ಸುಮತಿ ಬಂದೀಳಾ?" ಎಂದು ಕೇಳಿದ.

"ಬಂದೆ ಈರಣ್ಣ."

"ಇತ್ತ ಬಾ."

ಸುಮತಿ ಜಗಲಿಯ ಕೆಳಗೆ ಹೋಗಿ ನಿಂತಳು.

"ಮಳೆಗಾಲ್ದಲ್ಲಿ ನಿಮ್ಮ ಶಾನಭಾಗ್ರು ಮನೆಗೆ ಬಂದಿದ್ರು. ನಿನ್ನ ಜಾಗಕ್ಕೆ ಯಾರ್ನ ಹಾಕೂದು ಗಂಗೆ, ಅಂತ ಕೇಳಿದ್ರು. ಇವ್ಳು ನಿನ್ನ ಹೆಸ್ರು ಹೇಳಿದ್ಳು. ಅವ್ಳು ನಿನ್ಕೂಡೆ ಮಾತೇ ಆಡೂದಿಲ್ವಲ್ಲ, ಅಂದ್ರು ಅವ್ರು."

ಅಂಗಳದಲ್ಲಿದ್ದವರೆಲ್ಲ ಕೇಳುತ್ತಿದ್ದರು.

"ಅದ್ಕೆ ಇವ್ಳು, ಏಳು ವರ್ಷ ನನ್ಮೇಲೆ ಸಿಟ್ಟು ಇಟ್ಕಂಡಾಳೆ, ಒಂದು ದಿನ್ವೂ ಆ ಸಿಟ್ಟನ್ನ ಕೆಲ್ಸದ ಮೇಲೆ ಹಾಕ್ಲಿಲ್ಲ, ಅವ್ಳಿಗೇ ಕೊಡಿ ಅಂದ್ಳು. ಅಷ್ಟೇ. ನಿಂಗೆ ಹೇಳ್ಬೇಡ ಅಂದಿದ್ಳು. ಈಗ ಹೇಳಿ ಆತು."

ಹಿಂದಿನಿಂದ ಲಕ್ಕಿ ಬಂದು ಅವಳ ಮೊಣಕೈ ಹಿಡಿದು ಚಟ್ಟದ ಕಡೆ ಕರೆದುಕೊಂಡು ಹೋದಳು.

ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಟ್ಟರು. ಸುಮತಿಯ ಸರದಿ ಬಂದಾಗ ಚಮಚ ಅವಳ ಕೈಯಲ್ಲಿ ನಿಲ್ಲಲಿಲ್ಲ. ಮೂರು ತಾಸು ಐಸಿನಲ್ಲಿದ್ದ ಬೆರಳುಗಳು ಬಿಳಿಚಿ ಮರಗಟ್ಟಿದ್ದವು. ಎರಡು ಸಲ ಬಿತ್ತು. ಅವಳು ಚಮಚವನ್ನು ಬದಿಗಿಟ್ಟು ಅಂಗೈಯಲ್ಲೇ ನೀರು ತೆಗೆದುಕೊಂಡಳು. ಗಂಗಕ್ಕನ ತುಟಿಗೆ ಹನಿ ಹನಿಯಾಗಿ ಬಿಟ್ಟಳು. ಗಲ್ಲಕ್ಕೆ ಇಳಿದದ್ದನ್ನು ತನ್ನ ಸೆರಗಿನಿಂದ ಒರೆಸಿದಳು. ಬಹಳ ಹೊತ್ತು ಒರೆಸಿದಳು. ನಾಗಮ್ಮ ಮೂಗಿಗೆ ಹಿಡಿದಿದ್ದ ಸೆರಗನ್ನು ಬಿಟ್ಟಳು.

ಗಂಡಸರು ಚಟ್ಟ ಎತ್ತಿದರು. ಸುಡುಗಾಡು ಗಾಳಿಮರದ ತೋಪಿನ ಆಚೆಗಿತ್ತು. ದಾರಿ ಅಳಿವೆಯ ದಂಡೆಯಲ್ಲೇ ಹೋಗುತ್ತಿತ್ತು. ಹೆಂಗಸರು ಮರಳಿನ ದಿಬ್ಬದ ತನಕ ಹೋಗಿ ನಿಂತರು.

ಅಷ್ಟರಲ್ಲಿ ಸಮುದ್ರದಿಂದ ಇನ್ನೊಂದು ದೋಣಿ ಅಳಿವೆಯೊಳಗೆ ಬಂತು. ಅದರವರಿಗೆ ಊರಿನ ಸುದ್ದಿ ಗೊತ್ತಿರಲಿಲ್ಲ. ಹೆಂಗಸರ ಗುಂಪು ಕಂಡು, ಒಳ್ಳೆಯ ಶೆಟ್ಲಿಯಿದೆ ಬನ್ನಿ ಎಂದು ಒಬ್ಬ ಕೈ ಬೀಸಿ ಕೂಗಿದ. ಮರುಕ್ಷಣ ಅವನಿಗೆ ದಂಡೆಯ ಮೇಲೆ ಸಾಗುತ್ತಿದ್ದ ಚಟ್ಟ ಕಂಡಿತು. ಬೀಸಿದ ಕೈ ಇಳಿಯಿತು. ಇಂಜಿನ್ ನಿಂತಿತು. ದೋಣಿಯಲ್ಲಿದ್ದವರೆಲ್ಲ ತಲೆಯ ವಸ್ತ್ರ ಬಿಚ್ಚಿ ಎದ್ದು ನಿಂತರು. ಅವರ ಕಾಲಬುಡದಲ್ಲಿ ರಾಶಿಬಿದ್ದಿದ್ದ ಸಿಗಡಿ ಬಿಸಿಲಿಗೆ ಹೊಳೆಯುತ್ತಿತ್ತು. ಎರಡು ಹದ್ದುಗಳು ಮೇಲೆ ಸುತ್ತಿದವು. ಒಂದು ಇಳಿದು ಬಂದು ಕಾಲಲ್ಲಿ ಹಿಡಿದಷ್ಟನ್ನು ಹೊತ್ತುಕೊಂಡು ಹಾರಿತು. ದೋಣಿಯ ಮೇಲಿದ್ದವರಾಗಲಿ, ದಿಬ್ಬದ ಮೇಲಿದ್ದ ನಲವತ್ತು ಹೆಂಗಸರಾಗಲಿ ಅದನ್ನು ಓಡಿಸಲು ಕೈ ಎತ್ತಲಿಲ್ಲ.