ಮಿಂಚುಳ್ಳಿಯ ಕೊಕ್ಕು

ಎಂಟು ದಿನ ಇದ್ದು ಬರುತ್ತೇನೆಂದು ಅತ್ತೆ ಕಿರಿಮಗನ ಮನೆಗೆ ಹೋಗಿ ಎರಡು ತಿಂಗಳಾಗಿತ್ತು. ಹಿರಿಸೊಸೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವಳ ಪರವಾಗಿ ಹೊಲಿಗೆಯಂತ್ರವೇ ದಡದಡ ಸದ್ದು ಮಾಡಿ ಬೀದಿಗೆಲ್ಲ ಹೇಳುತ್ತಿತ್ತು. ಇಪ್ಪತ್ತು ವರ್ಷ ಆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿ, ಕಾಜಾ ನೋಡಿಕೊಂಡವರು ಅತ್ತೆ. ಅವಳಿಗೆ ಕತ್ತರಿ ಹಿಡಿಯಲು ಕಲಿಸಿದವರೂ ಅವರೇ. ಈಗ ಆ ಕುರ್ಚಿಯ ಮೇಲೆ ಗಿರಾಕಿಗಳ ಬಟ್ಟೆಗಂಟು ಕೂತಿತ್ತು.

ಹೀಗಿರುವಾಗ ಓರಗಿತ್ತಿ ಕಂಕುಳಲ್ಲಿ ಬಟ್ಟೆಯ ಸುರುಳಿ ಇಟ್ಟುಕೊಂಡು ಬಂದಳು. ಬಿಡಿಸಿದರೆ ಬಟ್ಟೆಯ ಮೇಲೆ ಅಚ್ಚಾದ ಹಳೇ ಪಕ್ಷಿಪುಸ್ತಕದ ಚಿತ್ರಗಳು: ಗೂಬೆ, ಮರಕುಟಿಗ, ಕೊಕ್ಕರೆ, ಮಿಂಚುಳ್ಳಿ. ಕಂದಿದ ಕಾಗದದ ಬಣ್ಣ, ಒಂದೊಂದು ಗರಿಗೂ ಕೂದಲೆಳೆಯಂಥ ಗೆರೆ. ಚೆನ್ನಾಗಿದ್ದವು. ಅದೇ ತೊಂದರೆ.

"ಕುಶನ್ ಮಾಡ್ಕೊಡಿ ಅಕ್ಕ. ನಿಮ್ಮ ಕೈ ಅಚ್ಚುಕಟ್ಟು ಬೇರೆ ಯಾರಿಗೂ ಬರಲ್ಲ. ಮೂರು ಹಕ್ಕಿ ಸೋಫಾಗೆ, ಈ ಮಿಂಚುಳ್ಳಿ ಮಾತ್ರ ಅತ್ತೆಗೆ. ಕಿಟಕಿ ಹತ್ರ ಅವರಿಗೇ ಅಂತ ಹೊಸ ಕುರ್ಚಿ ತಂದಿದೀವಿ."

ಹೊಸ ಕುರ್ಚಿ ತಂದರೆಂದರೆ ಅತ್ತೆ ಇನ್ನು ಬರುವುದಿಲ್ಲವೆಂದೇ ಅರ್ಥ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಮೂರು ಹಕ್ಕಿಗಳನ್ನು ಹಿರಿಸೊಸೆ ಅಚ್ಚುಕಟ್ಟಾಗಿಯೇ ಹೊಲಿದಳು. ಮಿಂಚುಳ್ಳಿಯ ಸರದಿ ಬಂದಾಗ ಕೈ ತಡೆಯಿತು. ಕೊಕ್ಕೇ ಅದರ ಅಂದ. ಅದನ್ನು ಕತ್ತರಿಸಿ, ಅಳತೆ ತಪ್ಪಿತು ಎಂದರಾಯಿತು. ಕತ್ತರಿ ಬಾಯಿ ತೆರೆಯಿತು ಕೂಡ. ಆದರೆ "ಅಂಚಿಗೆ ಎರಡು ಬೆರಳಗಲ ಬಿಡು, ನಾಳೆ ಬಿಚ್ಚೋ ಕಾಲ ಬಂದೀತು" ಎಂಬ ಅತ್ತೆಯ ಪಾಠ ಬೆರಳಿಗೆ ಅಂಟಿಬಿಟ್ಟಿತ್ತು. ಬುದ್ಧಿ ಕೆಟ್ಟರೂ ಬೆರಳು ಕೆಡಲಿಲ್ಲ. ಕೊಕ್ಕನ್ನು ಹಾಗೇ ಒಳಕ್ಕೆ ಮಡಿಚಿ ಹೊಲಿದುಬಿಟ್ಟಳು. ಹಕ್ಕಿ ಮೊಂಡಾಯಿತು, ಇವಳ ಹೊಟ್ಟೆ ತಣ್ಣಗಾಯಿತು.

ಎಷ್ಟು ಹೊತ್ತು? ಜೋಡಿಸಿದ್ದನ್ನು ನೋಡಲು ಕರೆದರೆಂದು ಓರಗಿತ್ತಿಯ ಮನೆಗೆ ಹೋದರೆ, ಬಿಕೋ ಎನ್ನುತ್ತಿದ್ದ ಕೋಣೆ ನಾಲ್ಕೇ ಹಕ್ಕಿಗಳಿಂದ ಕಳೆಗಟ್ಟಿತ್ತು. ಎದುರುಮನೆಯವಳು ಉಳಿದದ್ದೆಲ್ಲ ಬಿಟ್ಟು ಮಿಂಚುಳ್ಳಿಯನ್ನೇ ಹೊಗಳುತ್ತಿದ್ದಳು. "ನೀರಿಗೆ ಕೊಕ್ಕು ಹಾಕಿ ಮೀನು ಹಿಡೀತಿರೋ ಹಾಗೇ ಇದೆ."

"ಎಲ್ಲಾ ಅಕ್ಕನ ಕಲೆ" ಎಂದು ಓರಗಿತ್ತಿ ಹಿಗ್ಗಿ ಹೀರೆಕಾಯಿಯಾದಳು. ತಾನು ಬಗೆದ ಕೇಡೂ ಅವಳ ಮನೆಗೆ ಸಿಂಗಾರವಾಯಿತಲ್ಲ ಎಂದು ಹಿರಿಸೊಸೆಯ ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ಕುಶನ್ನನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸವರುತ್ತಿದ್ದರು. ಒಂದು ಕಡೆ ಬೆರಳು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ಹಿರಿಸೊಸೆ, "ಅಳತೆ ಸರಿಯಾಗೇ ಇತ್ತು" ಎಂದಳು.

ಮರುದಿನ ಬೆಳಿಗ್ಗೆ ಅತ್ತೆ ಆ ಕುಶನ್ ಹಿಡಿದು ಬಂದರು. ಬಟ್ಟೆಗಂಟನ್ನು ಕೆಳಗಿಟ್ಟು ತಮ್ಮ ಹಳೇ ಕುರ್ಚಿಯಲ್ಲಿ ಕೂತರು.

"ನಾನು ಕಲಿಸಿದ ಕೈ. ಹೀಗೆ ತಪ್ಪಲ್ಲ ಅದು."

ಹಿರಿಸೊಸೆ ತಲೆ ತಗ್ಗಿಸಿದಳು. "ಹೊಟ್ಟೆಕಿಚ್ಚು ಅತ್ತೆ. ಎಂಟು ದಿನ ಅಂದೋರು ಬರಲೇ ಇಲ್ಲ."

"ನೀನು ಒಂದು ಸಲಾನಾದ್ರೂ ಬನ್ನಿ ಅಂದ್ಯಾ? ನಾನಿಲ್ದೆ ನಿರಾಳವಾಗಿದೀಯ ಅನ್ಕೊಂಡೆ."

ಅತ್ತೆ ಕುಶನ್ನನ್ನು ಅವಳ ಕೈಗಿಟ್ಟರು.

"ಕೊಕ್ಕು ಒಳಗೇ ಇದೆ, ಕತ್ತರಿಸಿಲ್ಲ ನೀನು. ಬಿಚ್ಚಿ ಸರಿ ಮಾಡು. ಆಗೋವರೆಗೂ ಇಲ್ಲೇ ಇರ್ತೀನಿ" ಎಂದರು ಅತ್ತೆ.

ಅರ್ಧ ಗಂಟೆಯ ಕೆಲಸ. ಅಂದು ಹಿರಿಸೊಸೆ ಹೊಲಿಗೆ ಬಿಚ್ಚಿದಳು. ಮರುದಿನ ಕಿತ್ತ ಎಳೆಗಳನ್ನು ಆರಿಸಿದಳು. ಮೂರನೆಯ ದಿನ ಓರಗಿತ್ತಿಯ ಫೋನ್ ಬಂತು. "ಅತ್ತೆ ಯಾವಾಗ ಬರ್ತಾರಕ್ಕ? ಒಂದು ಕುಶನ್‌ಗೆ ಇಷ್ಟು ದಿನಾನಾ?" ಆ ದನಿಯಲ್ಲಿದ್ದ ಉರಿ ಹಿರಿಸೊಸೆಗೆ ಹಳೇ ಪರಿಚಯ.

"ಸೂಕ್ಷ್ಮ ಕೆಲಸ ಕಣೇ. ಅವಸರ ಮಾಡಿದ್ರೆ ಕೊಕ್ಕು ಮುರಿಯುತ್ತೆ" ಎಂದು ಫೋನ್ ಇಟ್ಟು, ಇನ್ನು ಹೊಲಿಯಲೇಬೇಕಲ್ಲ ಎಂದು ಕುಶನ್ನಿಗೆ ಹಾಕಿದ್ದ ಕಂದು ದಾರದ ಉಂಡೆ ಹುಡುಕಿದಳು. ಎಲ್ಲಿಯೂ ಸಿಗಲಿಲ್ಲ. ಅತ್ತೆ ತಲೆಯೆತ್ತದೆ ಬಿಳಿ ದಾರದಲ್ಲಿ ಕಾಜಾ ಹೊಲಿಯುತ್ತಿದ್ದರು. ಅವರ ತೊಡೆಯಡಿಯಿಂದ ಒಂದು ಕಂದು ಎಳೆ ಇಣುಕುತ್ತಿತ್ತು.