ಹಿನ್ನೆಲೆ ಸಂಗೀತ

ಈ ಡಿಸ್ಕಿನಲ್ಲೂ ಕೊಳಲೇ. ಪರದೆಯ ಮೇಲೆ ಸ್ಟುಡಿಯೊದವನ ಹೆಂಡತಿ ಮಗಳ ತಲೆ ಬಾಚುತ್ತ ಬಾಯಿ ತುಂಬ ಏನೋ ಹೇಳುತ್ತಿದ್ದಾಳೆ, ಕೇಳಿಸುವುದು ಮಾತ್ರ ಕೊಳಲು. ಅವನು ಅದನ್ನು ಹೊರಗೆ ತೆಗೆದು ಇನ್ನೊಂದನ್ನು ತುರುಕಿದ. ಅದರಲ್ಲಿ ವೀಣೆ.

"ಅಪ್ಪಾ, ಒಂದ್ರಲ್ಲೂ ಅಮ್ಮನ ದನಿ ಇಲ್ವಾ?" ಮಗಳು ಪಿಸುಗುಟ್ಟಿದಳು.

"ಹುಡುಕ್ತಿದೀನಲ್ಲ, ಸ್ವಲ್ಪ ತಡ್ಕೋ!" ಎಂದು ರೇಗಿದ.

ಇಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಕ್ಯಾಮೆರಾದ ವಿಡಿಯೊ ಡಿಸ್ಕಿಗೆ ಇಳಿಸುವಾಗ ಮೂಲದ ಸದ್ದನ್ನೆಲ್ಲ ಅಳಿಸಿ ಸಂಗೀತ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಫ್ಯಾನಿನ ಗುಂಯ್‌ಗುಡುವಿಕೆ, ಪಾತ್ರೆಯ ಸದ್ದು, ಯಾರದೋ ಕೆಮ್ಮು, ಎಲ್ಲವೂ ಅವನಿಗೆ ಕಸ. ಗಿರಾಕಿಗಳು ಹೊಗಳುತ್ತಿದ್ದರು, ಅವನು ಉಬ್ಬುತ್ತಿದ್ದ. ಮನೆಯ ವಿಡಿಯೊಗಳಿಗೂ ಅದೇ ಉಪಚಾರ ನಡೆದಿತ್ತು. ಡಿಸ್ಕ್ ಆದಮೇಲೆ ಕ್ಯಾಮೆರಾದ ಕಾರ್ಡು ಅಳಿಸಿ ಮುಂದಿನ ಕೆಲಸಕ್ಕೆ ಹಾಕಿಕೊಳ್ಳುತ್ತಿದ್ದ.

ಹೆಂಡತಿಯನ್ನು ಬೀದಿಯವರು ರೇಡಿಯೊ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ತೆರೆದ ಬಾಯಿ ನಿದ್ದೆ ಬಂದಮೇಲೇ ಮುಚ್ಚುವುದು. ಗಂಟಲಲ್ಲಿ ಗೆಡ್ಡೆ ಬೆಳೆದು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಆಸ್ಪತ್ರೆಯಿಂದ ಬಂದವಳು ಮಗಳ ಹಳೇ ಸ್ಲೇಟಿನ ಮೇಲೆ ಬರೆದು ಕೇಳಿದ್ದು ಒಂದೇ: ನನ್ನ ದನಿ ಒಂದ್ಸಲ ಕೇಳಿಸಿ. "ಅದೇನು ಮಹಾ!" ಎಂದು ಒಪ್ಪಿಕೊಂಡಿದ್ದ. ಈಗ ಅವಳು ಕೊರಳಿಗೆ ಬಟ್ಟೆ ಸುತ್ತಿಕೊಂಡು ಅವನ ಬೆನ್ನ ಹಿಂದೆಯೇ ಕುರ್ಚಿಯಲ್ಲಿ ಕೂತಿದ್ದಳು. ತಿರುಗಿ ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಡಿಸ್ಕುಗಳು ಮುಗಿದವು. ಕಂಪ್ಯೂಟರಿನ ಮೂಲೆಮೂಲೆ ಕೆದಕಿದ. ಡಿಸ್ಕಿಗೆ ಇಳಿಯದೆ ಹಟ ಹಿಡಿದಿದ್ದ ಒಂದು ಫೈಲು, ಆಮೇಲೆ ನೋಡೋಣವೆಂದು ಬಿಟ್ಟು ಮರೆತದ್ದು, ಅಲ್ಲಿ ಹಾಗೆಯೇ ಬಿದ್ದಿತ್ತು. ಅದಕ್ಕೆ ಕತ್ತರಿ ಬಿದ್ದಿರಲಿಲ್ಲ, ಕೊಳಲೂ ಸೇರಿರಲಿಲ್ಲ. ಅದನ್ನು ಓಡಿಸಿದ.

ಚಿತ್ರ ಚೂರುಚೂರಾಗಿ ಬಂತು. ಅಡುಗೆಮನೆ. ಒಲೆಯ ಮುಂದಿದ್ದ ಅವಳು ಇತ್ತ ತಿರುಗಿದಳು.

"ರೀ..."

"ಶ್! ಬಾಯ್ ಮುಚ್ಕೊಂಡಿರೇ, ಕ್ಯಾಮೆರಾ ಓಡ್ತಿದೆ!" ಅವನದೇ ದನಿ, ಕೋಣೆಯೆಲ್ಲ ಕೇಳುವಷ್ಟು ಜೋರಾಗಿ.

ಪರದೆಯ ಮೇಲಿನವಳು ಬಾಯಿಗೆ ಕೈ ಅಡ್ಡ ಹಿಡಿದು ಸದ್ದಿಲ್ಲದೆ ನಕ್ಕಳು. ಫೈಲು ಅಲ್ಲಿಗೆ ಮುಗಿಯಿತು.

ಮಗಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. "ತಪ್ಪಾಯ್ತು ಕಣೇ," ಎಂದ, ತಲೆ ಎತ್ತದೆ.

ಬೆನ್ನ ಹಿಂದಿನಿಂದ ಅವಳ ಕೈ ಬಂತು. ಬೆರಳು ಪರದೆಯನ್ನು ಮುಟ್ಟಿ ತೋರಿಸಿತು: ಇನ್ನೊಂದು ಸಲ.

ಹಾಕಿದ. ತನ್ನ ದನಿ ಶುರುವಾಗುವ ಮೊದಲೇ ತಡೆದು ನಿಲ್ಲಿಸಿದ.

"ರೀ..."

ಮತ್ತೆ ಬೆರಳು. ಮತ್ತೆ ಹಾಕಿದ, ಅಲ್ಲಿಗೇ ನಿಲ್ಲಿಸಿದ.

"ರೀ..."

"ಹೇಳೇ," ಎಂದ ಸ್ಟುಡಿಯೊದವನು.

ಪರದೆಯ ಮೇಲೆ ಅವಳು, ಏನೋ ಹೇಳಲು ಹೊರಟವಳು, ಬಾಯಿ ತೆರೆದು ಹಾಗೆಯೇ ನಿಂತಿದ್ದಳು.