ಮಾವನ ಅಂಗಡಿಯಲ್ಲಿ ತರಬೇತಿ

"ಏಯ್, ಅಲ್ಲೆಲ್ಲಿ ನುಗ್ತೀಯಮ್ಮ? ಅದು ಗಿರಾಕಿಗಳ ಎದುರಿಗೆ ನಿಲ್ಲೋ ಜಾಗ!"

ಕೌಂಟರಿನ ಹಲಗೆ ಎತ್ತಿ ಒಂದು ಕಾಲು ಒಳಗಿಟ್ಟಿದ್ದ ಪಂಕಜಾಕ್ಷಿ ಹಾಗೇ ನಿಂತುಬಿಟ್ಟಳು. ಮಲ್ಲಿಕಾರ್ಜುನಯ್ಯನವರು ಗಲ್ಲಾ ಬಿಟ್ಟು ಎದ್ದೇ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಅಕ್ಕರೆ. ಸಿಟ್ಟಿದ್ದಿದ್ದರೆ ಎದುರು ಮಾತಾದರೂ ಆಡಬಹುದಿತ್ತು.

"ತಂಗಿ ಮಗಳನ್ನ ಅಂಗಡೀಲಿ ನಿಲ್ಸಿ ದುಡಿಸ್ಕಂಡ ಅಂತ ಜನ ಆಡ್ಕಳಲ್ವಾ? ಒಳಗೋಗು. ನಿಮ್ಮತ್ತೆ ಶಾವಿಗೆ ಒತ್ತುತಾವ್ಳೆ."

ಕಡೂರಿನ ಆ ಮೆಡಿಕಲ್ ಸ್ಟೋರಿನ ಬೆನ್ನಿಗೇ ಮನೆ. ನಡುವೆ ಒಂದು ಬಾಗಿಲು, ಅದಕ್ಕೊಂದು ಹೂವಿನ ಪರದೆ. ಪಂಕಜಾಕ್ಷಿ ಬಂದು ವಾರವಾಗಿತ್ತು. ಆ ವಾರವೆಲ್ಲ ಪರದೆಯ ಈಚೆ, ಮನೆಯೊಳಗೇ ಕಳೆದಿತ್ತು.

ಫಾರ್ಮಸಿ ಡಿಪ್ಲೊಮಾದ ಪರೀಕ್ಷೆಗಳು ಮುಗಿದಿದ್ದವು. ಇನ್ನು ಮೂರು ತಿಂಗಳು ಯಾವುದಾದರೂ ಆಸ್ಪತ್ರೆಯಲ್ಲೋ ಔಷಧಿ ಅಂಗಡಿಯಲ್ಲೋ ಕೆಲಸ ಕಲಿತು ಸರ್ಟಿಫಿಕೇಟ್ ತಂದರೆ ಆಯಿತು. ಆ 'ಆಯಿತು' ಅನ್ನಿಸಿಕೊಳ್ಳುವಷ್ಟರಲ್ಲಿ ಅವಳ ಅಪ್ಪ, ಅಜ್ಜಂಪುರದ ಬಟ್ಟೆ ವ್ಯಾಪಾರಿ ಗಂಗಾಧರಯ್ಯನವರ ಚಪ್ಪಲಿ ಸವೆದಿತ್ತು. ಮಗಳನ್ನು ಹಿಂದೆ ಹಾಕಿಕೊಂಡು ಎಲ್ಲೆಲ್ಲಿ ಅಲೆಯಲಿಲ್ಲ! ಒಂದು ಕಡೆ ಜಾಗ ಭರ್ತಿ ಎಂದರು. ತರೀಕೆರೆಯ ಅಂಗಡಿಯವನೊಬ್ಬ, "ಹೆಣ್ಮಕ್ಳಿಗೆ ಸರಿಹೋಗಲ್ಲ ಕಣ್ರೀ" ಎಂದ. ಕೊನೆಗೆ ಮಠದ ಪ್ರಸಾದದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಮಲ್ಲಿಕಾರ್ಜುನಯ್ಯನವರು, ಪಂಕಜಾಕ್ಷಿಯ ಅಮ್ಮನಿಗೆ ದೊಡ್ಡಮ್ಮನ ಮಗ, ವಿಷಯ ಕೇಳಿ ಬೈದೇಬಿಟ್ಟರು. "ನಮ್ದೇ ಅಂಗಡಿ ಇರುವಾಗ ಕಂಡೋರ ಬಾಗ್ಲು ತಟ್ಟಿದ್ರಾ ಭಾವ?" ಗಂಗಾಧರಯ್ಯನವರ ಕಣ್ಣಲ್ಲಿ ನೀರು ಬಂದಿತ್ತು.

ಪಂಕಜಾಕ್ಷಿಗೆ ಸರ್ಟಿಫಿಕೇಟ್ ಬೇಡವೆಂದಲ್ಲ. ಆದರೆ ಓದಿದ್ದೆಲ್ಲ ಅಚ್ಚಿನ ಅಕ್ಷರ. ಡಾಕ್ಟರುಗಳು ಬರೆಯುವುದು ಹಾಗಿರುತ್ತದೆಯೇ? ನಾಳೆ ಜನ ತನ್ನನ್ನು ನಂಬಿ ಚೀಟಿ ಚಾಚಿದರೆ ಏನು ಗತಿ?

ಧೈರ್ಯ ಮಾಡಿ ಒಂದು ದಿನ ಊಟಕ್ಕೆ ಬಡಿಸುವಾಗ ಕೇಳಿದಳು. "ಮಾವ, ದಿನಾ ಒಂದೆರಡು ಗಂಟೆ ಅಂಗಡೀಲಿ ನಿಂತ್ಕಳ್ಲಾ? ನಾನು ಕಲಿಯಕ್ಕೆ ಬಂದಿರೋದಲ್ವಾ?"

ಅವರ ಕೈಯ ತುತ್ತು ಹಾಗೇ ನಿಂತಿತು. "ಸೈನು ಹಾಕಿ ಸೀಲ್ ಹೊಡ್ದು ಕೊಡ್ತೀನಿ ಅಂದಿಲ್ವೇನವ್ವಾ? ನನ್ನ ಮಾತಿನ್ ಮ್ಯಾಲೆ ನಂಬ್ಕೆ ಇಲ್ವಾ?" ಪ್ರೇಮಮ್ಮತ್ತೆ ಪಂಕಜಾಕ್ಷಿಯತ್ತ ಕಣ್ಣು ಬಿಟ್ಟರು. ಆವತ್ತು ಮಾವ ಮಜ್ಜಿಗೆಗೂ ಕೂರದೆ ಎದ್ದುಹೋದರು.

ಸಂತೆಯ ದಿನ ಅಪ್ಪ ಬಂದಾಗ ಹಿತ್ತಲಿಗೆ ಕರೆದೊಯ್ದು ಹೇಳಿಕೊಂಡಳು. ಅವರು ಗಾಬರಿಯಿಂದ ಹಿಂದೆ ಮುಂದೆ ನೋಡಿದರು. "ಬಾಯಿ ಬಿಡಬ್ಯಾಡ ಕಣೇ ತಾಯಿ. ಮನೆ ಮಗಳಂಗೆ ನೋಡ್ಕಂತಾವ್ರೆ. ಇದೂ ತಪ್ಪೋದ್ರೆ ನಾನೆಲ್ಲಿಗೆ ಹೋಗ್ಲಿ?"

ಒಂದು ಮಧ್ಯಾಹ್ನ ಮಾವ ಉಂಡು ಮಲಗಿದ್ದರು. ಅಂಗಡಿಯ ಕೆಲಸಗಾರ ಲಕ್ಷ್ಮೀಪತಿ ಪಾರ್ಸಲ್ ತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದ. "ಯಾರಾದ್ರೂ ಇದೀರ್‍ರಾ?" ಎಂಬ ಕೂಗು ಕೇಳಿ ಪಂಕಜಾಕ್ಷಿ ಪರದೆ ಸರಿಸಿದಳು. ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಮಾವನನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ಇಂಥ ಗಳಿಗೆ ಮತ್ತೆ ಸಿಕ್ಕೀತೇ? ಕೌಂಟರಿನ ಹಿಂದೆ ನಿಂತು ಚೀಟಿಗೆ ಕೈ ಚಾಚಿದಳು.

ಎರಡು ಸಾಲು. ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗೆ. ಮೊದಲಕ್ಷರವೊಂದು ಗೊತ್ತಾಯಿತು. ಆ ಅಕ್ಷರದ ಔಷಧಿ ಕಪಾಟಿನಲ್ಲಿ ಸಾಲುಸಾಲಾಗಿತ್ತು. ಒಂದು ಬಾಟಲಿ ತೆಗೆದಳು, ಇಟ್ಟಳು. ಇನ್ನೊಂದನ್ನು ತೆಗೆದಳು. ಮತ್ತೆ ಚೀಟಿ ನೋಡಿದಳು.

"ಮಗೂ ಮೈ ಕಾದ ಹೆಂಚಾಗೈತೆ ಕಣವ್ವ, ಬಿರ್‍ರನೆ ಕೊಡು."

"ಒಸಿ ಇರಮ್ಮ... ಒಳಗವ್ರೆ, ಕರೀತೀನಿ."

"ಯಾಕೆ, ನಿಂಗೆ ಓದಾಕೆ ಬರಾಕಿಲ್ವಾ?"

ಆ ಹೆಂಗಸು ಕುಹಕಕ್ಕೆ ಕೇಳಿದ್ದಲ್ಲ. ಪಂಕಜಾಕ್ಷಿ ಒಳಗೋಡಿ ಮಾವನನ್ನು ಎಬ್ಬಿಸಿದಳು. ಅವರು ಕಣ್ಣುಜ್ಜಿಕೊಳ್ಳುತ್ತಾ ಬಂದು ಚೀಟಿ ನೋಡಿ, ಅವಳು ಮುಟ್ಟದೇ ಇದ್ದ ಬೇರೆಯೇ ಬಾಟಲಿಯೊಂದನ್ನು ತೆಗೆದುಕೊಟ್ಟರು. "ನಮ್ಮ ಹುಡ್ಗಿ ಕಣಮ್ಮ. ಔಷ್ದಿದೇ ಡಿಪ್ಲೊಮಾ ಮಾಡವ್ಳೆ," ಎಂದು ಹೆಮ್ಮೆಯಿಂದ ಹೇಳಿದರು. ಹೆಂಗಸು ಪಂಕಜಾಕ್ಷಿಯನ್ನೊಮ್ಮೆ ನೋಡಿ ಹೊರಟುಹೋದಳು.

"ಅದಕ್ಕೇ ನಾನು ಹೇಳಿದ್ದು," ಮಾವ ಮೆಲ್ಲಗೆ ಅಂದರು, "ಈ ರಗಳೆ ಎಲ್ಲ ನಿಂಗ್ಯಾಕೆ?" ಮರುದಿನದಿಂದ ಪರದೆಯ ಹಿಂದಿನ ಬಾಗಿಲಿಗೆ ಮಧ್ಯಾಹ್ನದ ಹೊತ್ತು ಚಿಲಕವೂ ಬಿತ್ತು.

ಮೂರು ತಿಂಗಳು ತುಂಬಿದ ದಿನ ಹೋಳಿಗೆ ಊಟವಾಯಿತು. ಅಜ್ಜಂಪುರದಿಂದ ಬಂದ ಗಂಗಾಧರಯ್ಯನವರು ಜಮಖಾನದ ಮೇಲೆ ಕೈಕಟ್ಟಿ ಕೂತಿದ್ದರು. ಮಲ್ಲಿಕಾರ್ಜುನಯ್ಯನವರು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ್ದ ಸರ್ಟಿಫಿಕೇಟನ್ನು ಓದಿ, ಭಾವನಿಗೆ ತಿಳಿಯಲೆಂದು ಕನ್ನಡದಲ್ಲೂ ಹೇಳಿದರು. "ಡಾಕ್ಟರ ಚೀಟಿ ಓದೋದ್ರಲ್ಲಿ, ಔಷ್ದಿ ಕೊಡೋದ್ರಲ್ಲಿ ಚೆನ್ನಾಗಿ ಪಳಗವ್ಳೆ ಅಂತ ಬರ್ಸಿವ್ನಿ." ಗಂಗಾಧರಯ್ಯನವರು ಕೈ ಮುಗಿದರು.

"ಸೆರಗೊಡ್ಡು," ಎಂದರು ಪ್ರೇಮಮ್ಮತ್ತೆ. ಕುಂಕುಮವಿಟ್ಟು, ತೆಂಗಿನಕಾಯಿ, ರವಿಕೆ ಕಣ, ಬಾಳೆಹಣ್ಣು, ಎಲೆಅಡಿಕೆ ಹಾಕಿದರು. ಮೇಲೆ ಮಾವ ಸರ್ಟಿಫಿಕೇಟನ್ನೂ ಇಟ್ಟರು. ಭಾರಕ್ಕೆ ಜಗ್ಗಿದ ಸೆರಗನ್ನು ಪಂಕಜಾಕ್ಷಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಷ್ಟರಲ್ಲಿ ಅಂಗಡಿಯ ಕಡೆಯಿಂದ ಯಾರೋ ಕೂಗಿದರು.

"ಹೋಗಮ್ಮ, ಇನ್ಮ್ಯಾಲೆ ನೀನೇ ಕೊಡ್ಬೋದಲ್ಲ!" ಮಾವ ಹೊಟ್ಟೆ ಕುಲುಕಿಸಿ ನಕ್ಕರು. ಅತ್ತೆಯೂ ನಕ್ಕರು, ಅಪ್ಪನೂ ನಕ್ಕರು. ಹೊರಗಿನಿಂದ ಮತ್ತೊಮ್ಮೆ ಕೂಗು ಕೇಳಿತು. ಪಂಕಜಾಕ್ಷಿ ತುಂಬಿದ ಸೆರಗನ್ನು ಗಟ್ಟಿಯಾಗಿ ಹಿಡಿದು, ನಿಂತಲ್ಲೇ ನಿಂತಿದ್ದಳು.